ಗೊತ್ತಿದ್ದೂ ಉಣಿಸಿದ ವಿಷ

2000ದ ಫೆಬ್ರವರಿ 1ರಂದು ನಮ್ಮ ದೇಶದಲ್ಲಿ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ನಡೆದುಹೋಯಿತು. ಅಂದಿನಿಂದ ದೇಶದ ಎಲ್ಲ ಪೆಟ್ರೋಲ್ ಬಂಕ್‌ಗಳಲ್ಲಿ ಸೀಸ ಬೆರೆಸದ ಪೆಟ್ರೋಲನ್ನೇ ಮಾರಬೇಕೆಂಬ ನಿಯಮ ಜಾರಿಗೆ ಬಂತು. ಪಂಪಿನ ಮೇಲೆ ‘ಅನ್‌ಲೆಡೆಡ್’ ಎಂದು ಬರೆದದ್ದನ್ನು ನೋಡಿದ ಹೆಚ್ಚಿನವರು ಅದು ಯಾವುದೋ ಹೊಸ ಬಗೆಯ ಪೆಟ್ರೋಲ್ ಇರಬೇಕೆಂದು ಭಾವಿಸಿರಬಹುದು. ನಿಜವೆಂದರೆ ಅದು ಹೊಸತಾಗಿ ಏನನ್ನೋ ಸೇರಿಸಿದ ಪೆಟ್ರೋಲ್ ಆಗಿರಲಿಲ್ಲ. ಹಿಂದಿನ ಪೆಟ್ರೋಲಿಗೆ ಸೇರಿಸುತ್ತಿದ್ದ ವಿಷವನ್ನು ಕೈಬಿಟ್ಟ ಪೆಟ್ರೋಲ್ ಆಗಿತ್ತು.

ಹಾಗಾದರೆ ಆ ವಿಷವನ್ನು ಅಲ್ಲಿಗೆ ಸೇರಿಸಿದವರು ಯಾರು? ಅವರಿಗೆ ಅದು ವಿಷವೆಂದು ಗೊತ್ತಿರಲಿಲ್ಲವೇ? ಗೊತ್ತಿದ್ದರೆ ಅದನ್ನು ತೆಗೆಯಲು ಮುಕ್ಕಾಲು ಶತಮಾನ ಏಕೆ ಬೇಕಾಯಿತು? ಈ ಪ್ರಶ್ನೆಗಳ ಉತ್ತರ ರಸಾಯನಶಾಸ್ತ್ರದ ಪುಸ್ತಕಗಳಿಗಿಂತ ಹೆಚ್ಚಾಗಿ ಚರಿತ್ರೆಯಲ್ಲಿದೆ. ಅದು ಇಂದಿನ ನಮ್ಮ ಮನೆ, ಗುಜರಿ ಅಂಗಡಿ ಮತ್ತು ಅಡುಗೆ ಕೋಣೆಗೂ ಸಂಬಂಧಿಸಿದ ಚರಿತ್ರೆ.

ಹಳೆಯ ಪರಿಚಯ

ಸೀಸ ಮನುಷ್ಯನಿಗೆ ಬಹಳ ಹಿಂದಿನಿಂದಲೂ ಪರಿಚಿತವಾದ ಲೋಹ. ಅದು ಮೃದು. ಕಡಿಮೆ ಶಾಖಕ್ಕೇ ಕರಗುತ್ತದೆ. ಹೇಗೆ ಬೇಕಾದರೂ ಬಗ್ಗುತ್ತದೆ. ತುಕ್ಕು ಹಿಡಿಯುವುದಿಲ್ಲ. (ನಾವು ಸೀಸದ ಕಡ್ಡಿ ಎಂದು ಕರೆಯುವ ಪೆನ್ಸಿಲಿನಲ್ಲಿ ಇರುವುದು ಸೀಸವಲ್ಲ, ಗ್ರಾಫೈಟ್ ಎಂಬ ಇಂಗಾಲದ ರೂಪ.) ರೋಮನ್ನರು ತಮ್ಮ ನಗರಗಳಿಗೆ ನೀರು ತರಲು ಸೀಸದ ಕೊಳವೆಗಳನ್ನು ಬಳಸಿದರು. ದ್ರಾಕ್ಷಾರಸವನ್ನು ಸೀಸದ ಪಾತ್ರೆಗಳಲ್ಲಿ ಕುದಿಸಿ ಸಿಹಿಯಾದ ಪಾಕ ತಯಾರಿಸಿದರು. ಆ ಸಿಹಿಯ ಒಂದು ಭಾಗ ಸೀಸದ ಲವಣದಿಂದಲೇ ಬರುತ್ತಿತ್ತು. ಈ ವಿಷಕ್ಕೆ ಕಹಿಯಿಲ್ಲ, ಬದಲಿಗೆ ಸಿಹಿಯಿದೆ ಎಂಬುದನ್ನು ಗಮನಿಸಬೇಕು. ಹಳೆಯ ಮನೆಗಳ ಬಣ್ಣದ ಚೂರುಗಳನ್ನು ಮಕ್ಕಳು ಮತ್ತೆ ಮತ್ತೆ ಬಾಯಿಗೆ ಹಾಕಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಅದರ ಅಪಾಯವೂ ಆಗಲೇ ಗೊತ್ತಿತ್ತು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ವೈದ್ಯ ನಿಕಾಂಡರ್ ಸೀಸದ ವಿಷಬಾಧೆಯ ಲಕ್ಷಣಗಳನ್ನು ವಿವರಿಸಿದ್ದಾನೆ. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್, ನೀರಿಗೆ ಸೀಸದ ಕೊಳವೆಗಿಂತ ಮಣ್ಣಿನ ಕೊಳವೆಯೇ ಒಳ್ಳೆಯದೆಂದು ಬರೆದ. ಅದಕ್ಕೆ ಅವನು ಕೊಟ್ಟ ಪುರಾವೆ ಬಹಳ ಸರಳವಾದದ್ದು. ಸೀಸ ಕರಗಿಸುವ ಕೆಲಸಗಾರರ ಮುಖ ನೋಡಿದರೆ ಸಾಕು, ಅವರು ರಕ್ತವಿಲ್ಲದವರಂತೆ ಬಿಳಿಚಿಕೊಂಡಿರುತ್ತಾರೆ ಎಂಬುದೇ ಆ ಪುರಾವೆ. ಎರಡು ಸಾವಿರ ವರ್ಷಗಳ ಹಿಂದೆಯೇ ಕಾರ್ಮಿಕನ ಮುಖ ಸಾಕ್ಷ್ಯ ನುಡಿದಿತ್ತು.

1723ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮದ್ಯ ಬಟ್ಟಿಯಿಳಿಸುವ ಉಪಕರಣಗಳಿಗೆ ಸೀಸ ಬಳಸುವುದನ್ನು ಕಾನೂನಿನಿಂದ ನಿಷೇಧಿಸಲಾಯಿತು. 1767ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಬೇಕರ್, ಡೆವನ್ ಪ್ರಾಂತದ ಜನರನ್ನು ಕಾಡುತ್ತಿದ್ದ ಹೊಟ್ಟೆಶೂಲೆಗೆ ಸೇಬಿನ ಪಾನೀಯ ತಯಾರಿಸುವ ಗಾಣಗಳಲ್ಲಿದ್ದ ಸೀಸವೇ ಕಾರಣವೆಂದು ತೋರಿಸಿಕೊಟ್ಟ. ಅವನು ಅದೇ ಪ್ರಾಂತದವನು. ಆದರೂ ಊರಿನವರು ಕೃತಜ್ಞರಾಗಲಿಲ್ಲ, ತಮ್ಮ ವ್ಯಾಪಾರಕ್ಕೆ ಕಲ್ಲು ಹಾಕಿದನೆಂದು ಸಿಟ್ಟಾದರು. 1786ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಗೆಳೆಯನಿಗೆ ಬರೆದ ಪತ್ರವೊಂದರಲ್ಲಿ, ಸೀಸದ ಕೇಡನ್ನು ತಾನು ಹುಡುಗನಾಗಿದ್ದಾಗಲೇ ಕೇಳಿದ್ದನ್ನು ನೆನೆದು, ಉಪಯುಕ್ತವಾದ ಒಂದು ಸತ್ಯ ತಿಳಿದ ಬಳಿಕವೂ ಜನ ಅದನ್ನು ಒಪ್ಪಿ ಆಚರಣೆಗೆ ತರಲು ಎಷ್ಟು ಕಾಲ ಬೇಕಾಗುತ್ತದೆ ಎಂದು ವಿಷಾದಿಸಿದ.

1904ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಕಣ್ಣಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್, ಮಕ್ಕಳಿಗೆ ತಗಲುತ್ತಿದ್ದ ಸೀಸದ ವಿಷಕ್ಕೆ ಮನೆಯ ಜಗಲಿಯ ಕಂಬಿಗಳಿಗೆ ಬಳಿದ ಬಣ್ಣವೇ ಮೂಲವೆಂದು ಹೇಳಿದ. ಮಕ್ಕಳು ಕಂಬಿ ಹಿಡಿದು ಆಡುತ್ತಾರೆ, ಬಣ್ಣದ ಹುಡಿ ಕೈಗೆ ಅಂಟುತ್ತದೆ, ಕೈ ಬಾಯಿಗೆ ಹೋಗುತ್ತದೆ. ಇಪ್ಪತ್ತನೆಯ ಶತಮಾನ ಆರಂಭವಾಗುವ ಹೊತ್ತಿಗೆ ಸೀಸ ವಿಷವೆಂಬುದು ಯಾರಿಗೂ ಗುಟ್ಟಾಗಿ ಉಳಿದಿರಲಿಲ್ಲ.

‘ದೇವರ ಕೊಡುಗೆ’

ಇಷ್ಟೆಲ್ಲ ಗೊತ್ತಿದ್ದ ಬಳಿಕ ಅದೇ ಸೀಸವನ್ನು ಇಡೀ ಜಗತ್ತಿನ ಗಾಳಿಗೆ ಬೆರೆಸುವ ಕೆಲಸ ಆರಂಭವಾಯಿತು. 1921ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿಯ ಪ್ರಯೋಗಾಲಯದಲ್ಲಿ ಥಾಮಸ್ ಮಿಜ್ಲೆ ಎಂಬ ಇಂಜಿನಿಯರ್, ಟೆಟ್ರಾ ಈಥೈಲ್ ಲೆಡ್ ಎಂಬ ಸೀಸದ ದ್ರವವನ್ನು ಅತ್ಯಲ್ಪ ಪ್ರಮಾಣದಲ್ಲಿ ಪೆಟ್ರೋಲಿಗೆ ಬೆರೆಸಿದರೆ ಇಂಜಿನ್ನಿನ ಒಳಗಿನ ಬಡಿತ ನಿಲ್ಲುತ್ತದೆಂದು ಕಂಡುಕೊಂಡ. ಬಡಿತ ನಿಂತರೆ ಹೆಚ್ಚು ಶಕ್ತಿಯ ಇಂಜಿನ್ ತಯಾರಿಸಬಹುದು. ಇದೇ ಕೆಲಸವನ್ನು ಮದ್ಯಸಾರವೂ ಮಾಡುತ್ತದೆಂಬುದು ಅವರಿಗೆ ತಿಳಿದಿತ್ತು. ಆದರೆ ಮದ್ಯಸಾರವನ್ನು ಯಾರು ಬೇಕಾದರೂ ತಯಾರಿಸಬಹುದು, ಅದರ ಮೇಲೆ ಒಂದು ಕಂಪೆನಿ ಏಕಸ್ವಾಮ್ಯ ಸಾಧಿಸಲು ಸಾಧ್ಯವಿಲ್ಲ. ಸೀಸದ ಮಿಶ್ರಣದ ಮೇಲೆ ಅದು ಸಾಧ್ಯವಿತ್ತು. 1923ರ ಫೆಬ್ರವರಿಯಲ್ಲಿ ಈ ಪೆಟ್ರೋಲ್ ಮಾರಾಟಕ್ಕೆ ಬಂತು. ಅದಕ್ಕೆ ‘ಈಥೈಲ್’ ಎಂದು ಹೆಸರಿಡಲಾಯಿತು. ಹೆಸರಿನಲ್ಲಿ ಸೀಸದ ಸುಳಿವೇ ಇರಲಿಲ್ಲ.

ಮೊದಲು ಬೆಲೆ ತೆತ್ತವರು ಕಾರ್ಮಿಕರು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿನ ಘಟಕದಲ್ಲಿ ಈ ದ್ರವ ತಯಾರಿಸುತ್ತಿದ್ದ 49 ಕಾರ್ಮಿಕರ ಪೈಕಿ 5 ಮಂದಿ ಬುದ್ಧಿಭ್ರಮಣೆಯಾಗಿ ಸತ್ತರು. 30ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅದೇ ರಾಜ್ಯದ ಇನ್ನೊಂದು ಘಟಕವನ್ನು ಅಲ್ಲಿನ ಕೆಲಸಗಾರರು ‘ಚಿಟ್ಟೆಗಳ ಮನೆ’ ಎಂದು ಕರೆಯುತ್ತಿದ್ದರು. ವಿಷ ತಲೆಗೇರಿದವರು ಇಲ್ಲದ ಚಿಟ್ಟೆಗಳನ್ನು ಗಾಳಿಯಲ್ಲಿ ಹಿಡಿಯಲು ಹೋಗುತ್ತಿದ್ದರು. ಬೇವೇ ದುರಂತದ ಬಳಿಕ ಮಿಜ್ಲೆ ಪತ್ರಕರ್ತರನ್ನು ಕರೆಸಿ, ಅವರೆದುರು ಆ ದ್ರವದಿಂದ ಕೈ ತೊಳೆದು, ಅದರ ಆವಿಯನ್ನು ಮೂಸಿ ತೋರಿಸಿದ. ಅದರಿಂದ ಅಪಾಯವೇನೂ ಇಲ್ಲವೆಂದು ಸಾರಿದ. ಆದರೆ ಹಿಂದಿನ ವರ್ಷವೇ ಅವನು ಸೀಸದ ವಿಷ ತಗಲಿ, ಕೆಲಸ ಬಿಟ್ಟು ವಿಶ್ರಾಂತಿಗೆ ಹೋಗಿದ್ದ. ತನಗೆ ಗೊತ್ತಿದ್ದುದನ್ನು ಮುಚ್ಚಿಟ್ಟು ಲೋಕದ ಮುಂದೆ ಬೇರೆಯದನ್ನು ಹೇಳಿದ.

1925ರ ಮೇ ತಿಂಗಳಲ್ಲಿ ಅಮೆರಿಕ ಸರಕಾರ ವಾಷಿಂಗ್ಟನ್‌ನಲ್ಲಿ ಒಂದು ಸಮಾಲೋಚನಾ ಸಭೆ ಕರೆಯಿತು. ಅಲ್ಲಿ ಕಂಪೆನಿಯ ಪ್ರತಿನಿಧಿಯೊಬ್ಬ ಈ ವಸ್ತುವನ್ನು ದೇವರ ಕೊಡುಗೆಯೆಂದು ಬಣ್ಣಿಸಿದ. ಲಾಭದ ಬೆನ್ನು ಹತ್ತಿದವರು ದೇವರ ಹೆಸರನ್ನು ಎಷ್ಟು ಸಲೀಸಾಗಿ ಬಳಸಿಕೊಳ್ಳುತ್ತಾರೆ! ಅದೇ ಸಭೆಯಲ್ಲಿ ಅವರಿಗೆ ಎದುರಾಗಿ ನಿಂತವರಲ್ಲಿ ಡಾ. ಆಲಿಸ್ ಹ್ಯಾಮಿಲ್ಟನ್ ಒಬ್ಬರು. ಹಾರ್ವರ್ಡ್ ವಿಶ್ವವಿದ್ಯಾನಿಲಯ ಬೋಧಕಿಯಾಗಿ ನೇಮಿಸಿಕೊಂಡ ಮೊದಲ ಮಹಿಳೆ ಅವರು. 1910ರಿಂದಲೇ ಅವರು ಸೀಸದ ಕಾರ್ಖಾನೆಗಳಿಗೆ ನುಗ್ಗಿ, ವಲಸೆ ಕಾರ್ಮಿಕರ ಬಿಡಾರಗಳಿಗೆ ಹೋಗಿ, ಯಾರಿಗೆ ಏನಾಗಿದೆಯೆಂದು ಒಬ್ಬೊಬ್ಬರನ್ನೇ ಮಾತಾಡಿಸಿ ಪಟ್ಟಿ ಮಾಡಿದ್ದರು. ಸೀಸ ಎಲ್ಲಿದೆಯೋ ಅಲ್ಲಿ ಇಂದಲ್ಲ ನಾಳೆ ವಿಷಬಾಧೆ ಕಂಡೇ ಕಾಣುತ್ತದೆ ಎಂಬುದು ಅವರ ಅನುಭವದ ಮಾತಾಗಿತ್ತು.

ಆದರೆ ಗೆದ್ದದ್ದು ಕಂಪೆನಿ. ಸಭೆಯ ಬಳಿಕ ನೇಮಕವಾದ ತಜ್ಞರ ಸಮಿತಿ ಕೆಲವು ತಿಂಗಳ ತಪಾಸಣೆ ನಡೆಸಿ, 1926ರ ಆರಂಭದಲ್ಲಿ ನಿಷೇಧಕ್ಕೆ ಸಾಕಷ್ಟು ಕಾರಣವಿಲ್ಲವೆಂದು ವರದಿ ಕೊಟ್ಟಿತು. ಸೀಸ ದೇಹದೊಳಗೆ ನಿಧಾನವಾಗಿ ಸೇರುವ ವಸ್ತುವಾದ್ದರಿಂದ ಸರಕಾರವೇ ಅಧ್ಯಯನವನ್ನು ಮುಂದುವರಿಸಬೇಕೆಂದೂ ಅದೇ ವರದಿಯಲ್ಲಿ ಹೇಳಲಾಗಿತ್ತು. ಆ ಮಾತನ್ನು ಮರೆಯಲಾಯಿತು. ಮುಂದಿನ ನಾಲ್ಕು ದಶಕಗಳ ಕಾಲ ಸೀಸದ ಕುರಿತಾದ ಸಂಶೋಧನೆ ಹೆಚ್ಚಾಗಿ ನಡೆದದ್ದು ಸೀಸ ಮಾರುವವರ ಹಣದಿಂದ.

ಪುರಾವೆ ಕೊಡಬೇಕಾದವರು ಯಾರು?

ಈ ಸಂಶೋಧನೆಯ ಮುಂದಾಳು ರಾಬರ್ಟ್ ಕೀಹೋ ಎಂಬ ವೈದ್ಯ. ಹಾನಿಯಿದೆಯೆಂದು ಹೇಳುವವರು ಪುರಾವೆ ತರಲಿ, ಅಲ್ಲಿಯವರೆಗೆ ಮಾರಾಟ ನಡೆಯಲಿ ಎಂಬುದು ಅವನ ವಾದ. ಕೇಳಲು ಇದು ನ್ಯಾಯದ ಮಾತಿನಂತೆಯೇ ಇದೆ. ಆದರೆ ಇದರ ಅರ್ಥವೇನು? ವಿಷ ಮಾರುವವನು ಅದು ನಿರಪಾಯವೆಂದು ಸಾಬೀತುಪಡಿಸಬೇಕಾಗಿಲ್ಲ, ಅದನ್ನು ಉಸಿರಾಡಿದವನು ತನಗೆ ಹಾನಿಯಾಗಿದೆಯೆಂದು ಸಾಬೀತುಪಡಿಸಬೇಕು. ಅದನ್ನು ಅಳೆಯುವ ಉಪಕರಣ, ಹಣ, ಪ್ರಯೋಗಾಲಯ ಎಲ್ಲವೂ ಮಾರುವವನ ಕೈಯಲ್ಲೇ ಇವೆ! ಸೀಸ ಮನುಷ್ಯನ ದೇಹದಲ್ಲಿ ಸಹಜವಾಗಿಯೇ ಇರುತ್ತದೆಂದು ತೋರಿಸಲು ಕೀಹೋ ಮೆಕ್ಸಿಕೋದ ಹಳ್ಳಿಗರನ್ನು ಪರೀಕ್ಷಿಸಿದ. ಕಾರುಗಳಿಲ್ಲದ ಆ ಹಳ್ಳಿಗಳ ಜನರ ದೇಹದಲ್ಲೂ ಸೀಸವಿತ್ತು. ಆದರೆ ಅವರು ಉಣ್ಣುತ್ತಿದ್ದುದು ಸೀಸದ ಮೆರುಗು ಹಚ್ಚಿದ ಮಣ್ಣಿನ ಪಾತ್ರೆಗಳಲ್ಲಿ. ಒಂದು ಕಡೆಯ ವಿಷವನ್ನು ತೋರಿಸಿ ಇನ್ನೊಂದು ಕಡೆಯ ವಿಷವನ್ನು ‘ಸಹಜ’ ಎನ್ನಲಾಯಿತು.

ಈ ಕೋಟೆಯನ್ನು ಒಡೆದವನು ವೈದ್ಯನಲ್ಲ, ಭೂರಸಾಯನ ವಿಜ್ಞಾನಿ. ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳಲ್ಲಿರುವ ಸೀಸವನ್ನು ಅಳೆದು ಭೂಮಿಯ ವಯಸ್ಸನ್ನು ಕಂಡುಹಿಡಿಯಲು ಹೊರಟಿದ್ದ. ಆದರೆ ಅವನ ಲೆಕ್ಕ ಪ್ರತಿ ಸಲವೂ ತಪ್ಪುತ್ತಿತ್ತು. ಕೊನೆಗೆ ನೋಡಿದರೆ ಪ್ರಯೋಗಾಲಯದ ಗಾಳಿ, ನೀರು, ಧೂಳು, ತನ್ನದೇ ಕೂದಲು, ಬಟ್ಟೆ ಎಲ್ಲದರಲ್ಲೂ ಸೀಸವಿತ್ತು. ವರ್ಷಗಟ್ಟಲೆ ತಿಕ್ಕಿ ತೊಳೆದು ಸೀಸವಿಲ್ಲದ ಒಂದು ಕೋಣೆಯನ್ನು ಅವನು ಸಿದ್ಧಪಡಿಸಿದ. 1956ರಲ್ಲಿ ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು ಪ್ರಕಟಿಸಿದ. ಆ ಲೆಕ್ಕ ಇಂದಿಗೂ ನಿಂತಿದೆ. ಆದರೆ ಅವನನ್ನು ಕಾಡಿದ್ದು ಇನ್ನೊಂದು ಪ್ರಶ್ನೆ: ಇಷ್ಟೊಂದು ಸೀಸ ಎಲ್ಲಿಂದ ಬಂತು? ಸಮುದ್ರದ ಆಳದ ನೀರಿಗಿಂತ ಮೇಲಿನ ನೀರಿನಲ್ಲಿ ಹೆಚ್ಚು ಸೀಸವಿತ್ತು. ಗ್ರೀನ್‌ಲ್ಯಾಂಡಿನ ಹಳೆಯ ಹಿಮಕ್ಕಿಂತ ಹೊಸ ಹಿಮದಲ್ಲಿ ಹೆಚ್ಚು ಸೀಸವಿತ್ತು. 1965ರಲ್ಲಿ ಅವನು ಬರೆದ ಲೇಖನದ ತಿರುಳು ಇಷ್ಟು: ಅಮೆರಿಕನ್ನರ ದೇಹದಲ್ಲಿರುವ ಸೀಸ ಸಾಮಾನ್ಯವಾಗಿರಬಹುದು, ಆದರೆ ಸಹಜವಲ್ಲ. ಅದು ಸಹಜ ಮಟ್ಟದ ಸುಮಾರು 100 ಪಟ್ಟು.

ಸಾಮಾನ್ಯ ಬೇರೆ, ಸಹಜ ಬೇರೆ. ಎಲ್ಲರಿಗೂ ಕಾಯಿಲೆ ಬಂದರೆ ಕಾಯಿಲೆ ಆರೋಗ್ಯವಾಗುವುದಿಲ್ಲ. ಈ ಮಾತು ಹೇಳಿದ್ದಕ್ಕಾಗಿ ಪ್ಯಾಟರ್ಸನ್‌ಗೆ ಸಿಗುತ್ತಿದ್ದ ತೈಲ ಉದ್ಯಮದ ಸಂಶೋಧನಾ ಹಣ ನಿಂತಿತು. 1971ರಲ್ಲಿ ಗಾಳಿಯಲ್ಲಿನ ಸೀಸದ ಕುರಿತು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ರಚಿಸಿದ ಸಮಿತಿಯಲ್ಲಿ, ಆ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲ ಅವನಿಗೆ ಸ್ಥಾನ ಸಿಗಲಿಲ್ಲ.

ಮಕ್ಕಳ ಹಾಲುಹಲ್ಲು

ಸೀಸ ದೇಹದೊಳಗೆ ಏನು ಮಾಡುತ್ತದೆ? ಅದು ಸುಣ್ಣದ ಅಂಶ ಅಂದರೆ ಕ್ಯಾಲ್ಸಿಯಂನ ವೇಷ ಹಾಕಿಕೊಂಡು ಒಳಗೆ ಬರುತ್ತದೆ. ದೇಹ ಅದನ್ನು ಕ್ಯಾಲ್ಸಿಯಂ ಎಂದೇ ನಂಬಿ ಎಲುಬಿನಲ್ಲೂ ಹಲ್ಲಿನಲ್ಲೂ ಶೇಖರಿಸುತ್ತದೆ. ಅಲ್ಲಿ ಅದು ದಶಕಗಟ್ಟಲೆ ಉಳಿಯುತ್ತದೆ. ಹೆಣ್ಣು ಗರ್ಭಿಣಿಯಾದಾಗ ಎಲುಬಿನಿಂದ ಕರಗಿ ಮಗುವಿನ ರಕ್ತವನ್ನೂ ಸೇರುತ್ತದೆ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ದೇಹ ಸುಮಾರು ಹತ್ತನೆಯ ಒಂದು ಭಾಗವನ್ನು ಹೀರಿಕೊಂಡರೆ, ಎಳೆಯ ಮಕ್ಕಳ ದೇಹ ಅರ್ಧದವರೆಗೂ ಹೀರಿಕೊಳ್ಳುತ್ತದೆ. ಕಬ್ಬಿಣದ ಅಂಶ ಕಡಿಮೆಯಿರುವ ಮಗು ಇನ್ನೂ ಹೆಚ್ಚು ಹೀರುತ್ತದೆ. ಅಂದರೆ ಬಡವನ ಮಗುವಿಗೆ ಈ ವಿಷ ಹೆಚ್ಚು ತಾಗುತ್ತದೆ. ಮಿದುಳು ಬೆಳೆಯುವ ವಯಸ್ಸಿನಲ್ಲಿ ಆದ ಹಾನಿ ಮತ್ತೆ ಸರಿಯಾಗುವುದಿಲ್ಲ. ದೊಡ್ಡವರಲ್ಲಿ ಅದು ರಕ್ತದ ಒತ್ತಡ, ಹೃದ್ರೋಗ, ಮೂತ್ರಪಿಂಡದ ಕಾಯಿಲೆಗೆ ದಾರಿ ಮಾಡುತ್ತದೆ.

ಇದನ್ನು ಲೋಕಕ್ಕೆ ಕಾಣಿಸಿಕೊಟ್ಟವರು ಹರ್ಬರ್ಟ್ ನೀಡಲ್‌ಮನ್ ಎಂಬ ಮಕ್ಕಳ ತಜ್ಞರು. ರಕ್ತದಲ್ಲಿ ಸೀಸದ ಗುರುತು ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಆದರೆ ಹಲ್ಲಿನಲ್ಲಿ ಉಳಿಯುತ್ತದೆ. ಆದ್ದರಿಂದ ಅವರು ಬೋಸ್ಟನ್ ಬಳಿಯ ಎರಡು ಪಟ್ಟಣಗಳ ಎರಡು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳಿಂದ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿದರು. ಯಾವ ಮಗುವಿನ ಹಲ್ಲಿನಲ್ಲಿ ಎಷ್ಟು ಸೀಸವಿದೆಯೆಂದು ತಿಳಿಯದ ಶಿಕ್ಷಕಿಯರಿಂದ ಮಕ್ಕಳ ನಡವಳಿಕೆಯ ಬಗ್ಗೆ ಬರೆಸಿಕೊಂಡರು. 1979ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಯಾವ ಕಾಯಿಲೆಯ ಲಕ್ಷಣವೂ ಕಾಣದ, ಮೇಲ್ನೋಟಕ್ಕೆ ಆರೋಗ್ಯವಾಗಿರುವ ಮಕ್ಕಳಲ್ಲೂ ಸೀಸ ಹೆಚ್ಚಿದಷ್ಟು ಬುದ್ಧಿಮತ್ತೆ ಇಳಿದಿತ್ತು, ಗಮನ ಚೆದುರಿತ್ತು. ದಡ್ಡ, ತುಂಟ, ಗಮನವಿಲ್ಲದವನು ಎಂದು ಬೈಸಿಕೊಂಡ ಎಷ್ಟು ಮಕ್ಕಳ ತಪ್ಪು ಅವರದಾಗಿರಲಿಲ್ಲವೋ! ನೀಡಲ್‌ಮನ್ ಅವರ ಮೇಲೂ 1991ರಲ್ಲಿ ಅಪ್ರಾಮಾಣಿಕತೆಯ ಆರೋಪ ಹೊರಿಸಿ ವಿಚಾರಣೆ ನಡೆಸಲಾಯಿತು. 1992ರಲ್ಲಿ ಅವರು ಆರೋಪದಿಂದ ಮುಕ್ತರಾದರು.

ಅಮೆರಿಕದಲ್ಲಿ 1970ರ ದಶಕದಿಂದ ಪೆಟ್ರೋಲಿನ ಸೀಸವನ್ನು ಹಂತಹಂತವಾಗಿ ಇಳಿಸಿ 1996ರಲ್ಲಿ ರಸ್ತೆ ವಾಹನಗಳಿಗೆ ಪೂರ್ತಿ ನಿಷೇಧಿಸಲಾಯಿತು. ಐದು ವರ್ಷದೊಳಗಿನ ಮಕ್ಕಳ ರಕ್ತದಲ್ಲಿ 1970ರ ದಶಕದ ಕೊನೆಗೆ ಪ್ರತಿ 100 ಮಿಲಿಲೀಟರಿಗೆ ಸರಾಸರಿ 15 ಮೈಕ್ರೋಗ್ರಾಂ ಸೀಸವಿತ್ತು. 1990ರ ದಶಕದ ಆರಂಭಕ್ಕೆ ಅದು 3ಕ್ಕಿಂತ ಕೆಳಗಿಳಿಯಿತು. ಇನ್ನೊಂದು ಸಂಗತಿಯೂ ಯೋಚಿಸುವಂತಿದೆ. 1960ರ ದಶಕದಲ್ಲಿ ಮಕ್ಕಳ ರಕ್ತದಲ್ಲಿ 60 ಮೈಕ್ರೋಗ್ರಾಂವರೆಗೆ ಸೀಸವಿದ್ದರೂ ಚಿಂತೆಯಿಲ್ಲವೆನ್ನುತ್ತಿದ್ದರು. ಆ ಅಂಕಿ ಬಳಿಕ 40ಕ್ಕೆ, 30ಕ್ಕೆ, 1985ರಲ್ಲಿ 25ಕ್ಕೆ, 1991ರಲ್ಲಿ 10ಕ್ಕೆ, 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಯಿತು. ಮಕ್ಕಳ ದೇಹ ಬದಲಾಗಲಿಲ್ಲ, ನಮ್ಮ ಅಜ್ಞಾನ ಮಾತ್ರ ಇಳಿಯುತ್ತಾ ಬಂತು. ಇಂದು ವಿಶ್ವ ಆರೋಗ್ಯ ಸಂಸ್ಥೆ, ಸೀಸಕ್ಕೆ ಸುರಕ್ಷಿತವಾದ ಮಟ್ಟವೆಂಬುದೇ ತಿಳಿದಿಲ್ಲ ಎನ್ನುತ್ತದೆ.

ಬೆಂಗಳೂರಿನಿಂದ ಅಲ್ಜೀರಿಯಾದವರೆಗೆ

ಶ್ರೀಮಂತ ದೇಶಗಳು ತಮ್ಮ ಮಕ್ಕಳನ್ನು ಉಳಿಸಿಕೊಳ್ಳುತ್ತಿದ್ದಾಗ ಬಡ ದೇಶಗಳಿಗೆ ಸೀಸದ ಮಾರಾಟ ಮುಂದುವರಿದಿತ್ತು. ನಮ್ಮಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಕೀಲ ಎಂ.ಸಿ. ಮೆಹ್ತಾ ಹೂಡಿದ ವಾಯುಮಾಲಿನ್ಯದ ಮೊಕದ್ದಮೆಯ ಫಲವಾಗಿ 1995ರ ಏಪ್ರಿಲಿನಿಂದ ನಾಲ್ಕು ಮಹಾನಗರಗಳಲ್ಲಿ ಸೀಸರಹಿತ ಪೆಟ್ರೋಲ್ ಸಿಗತೊಡಗಿತು. ಈ ಹೋರಾಟದಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ ದೊಡ್ಡ ನಗರಗಳಲ್ಲಿ ಸಾವಿರಾರು ಜನರ ರಕ್ತ ಪರೀಕ್ಷೆ ನಡೆಸಿತು. ಪರೀಕ್ಷಿಸಿದ ನಗರದ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ರಕ್ತದಲ್ಲಿ ಆಗಿನ ಮಿತಿಯಾದ 10 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸವಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಈ ಕುರಿತು ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷಯವನ್ನೇ ತಮ್ಮ ಬದುಕಿನ ಕೆಲಸವಾಗಿಸಿಕೊಂಡರು. ಮುಂದಿನ ವರ್ಷವೇ ದೇಶವ್ಯಾಪಿ ನಿಯಮ ಬಂತು.

ಉಳಿದ ದೇಶಗಳಲ್ಲಿ ಏನಾಯಿತು? ಸೀಸದ ಮಿಶ್ರಣ ಮಾರುತ್ತಿದ್ದ ಇನ್ನೋಸ್ಪೆಕ್ ಎಂಬ ಕಂಪೆನಿ, ಇಂಡೋನೇಷ್ಯಾ ಮತ್ತು ಇರಾಕಿನ ಅಧಿಕಾರಿಗಳಿಗೆ ಲಂಚ ಕೊಟ್ಟದ್ದಾಗಿ 2010ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ನ್ಯಾಯಾಲಯಗಳಲ್ಲಿ ತಪ್ಪೊಪ್ಪಿಕೊಂಡಿತು. ತಮ್ಮ ಮಾಲು ಆ ದೇಶಗಳಲ್ಲಿ ಇನ್ನಷ್ಟು ಕಾಲ ಮಾರಾಟವಾಗಲಿ ಎಂಬುದೇ ಲಂಚದ ಉದ್ದೇಶ. ಮಾರುವವರು ಹೊರಗಿನವರಾದರೂ, ತಮ್ಮದೇ ನಾಡಿನ ಮಕ್ಕಳ ಮಿದುಳನ್ನು ಬೆಲೆಗೆ ಕೊಟ್ಟವರು ಒಳಗಿನವರೇ ಆಗಿದ್ದರು. ಕೊನೆಗೆ 2021ರ ಜುಲೈಯಲ್ಲಿ ಅಲ್ಜೀರಿಯಾ ಸೀಸದ ಪೆಟ್ರೋಲ್ ಮಾರಾಟ ನಿಲ್ಲಿಸಿತು. ಮುಂದಿನ ತಿಂಗಳು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು, ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ಮಾರುವ ದೇಶ ಇನ್ನು ಜಗತ್ತಿನಲ್ಲಿಲ್ಲ ಎಂದು ಘೋಷಿಸಿತು. ಡೇಟನ್ ನಗರದಲ್ಲಿ ಮೊದಲ ಮಾರಾಟ ನಡೆದು ಆಗ 98 ವರ್ಷಗಳಾಗಿದ್ದವು.

ಈಗ ನಮ್ಮ ಸರದಿ

ಪೆಟ್ರೋಲಿನಿಂದ ಸೀಸ ಹೋಯಿತು, ಆದರೆ ನಮ್ಮ ನಡುವಿನಿಂದ ಹೋಗಲಿಲ್ಲ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಹೊರತಂದ ವರದಿಯ ಅಂದಾಜಿನಂತೆ ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ 5 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸವಿದೆ. ಅಂದರೆ ಮೂವರಲ್ಲಿ ಒಂದು ಮಗು. ಇವರಲ್ಲಿ ಸುಮಾರು 27 ಕೋಟಿ ಮಕ್ಕಳು ಭಾರತದವರು.

ಇಂದಿನ ದೊಡ್ಡ ಮೂಲ ಹಳೆಯ ಬ್ಯಾಟರಿ. ಕಾರು, ಆಟೋ, ಇನ್ವರ್ಟರ್‌ಗಳ ಬ್ಯಾಟರಿಯೊಳಗಿನ ಸೀಸಕ್ಕೆ ಒಳ್ಳೆಯ ಬೆಲೆಯಿದೆ. ಸರಿಯಾದ ಕಾರ್ಖಾನೆಯಲ್ಲಿ ಅದನ್ನು ಸುರಕ್ಷಿತವಾಗಿ ಮರುಬಳಸಬಹುದು. 2001ರಲ್ಲೂ 2022ರಲ್ಲೂ ಸರಕಾರ ಈ ಬಗ್ಗೆ ನಿಯಮಗಳನ್ನು ಮಾಡಿದೆ. ಆದರೂ ಗುಜರಿಯಲ್ಲಿ ಬ್ಯಾಟರಿ ಒಡೆದು, ಆಮ್ಲವನ್ನು ಚರಂಡಿಗೆ ಚೆಲ್ಲಿ, ಹಿತ್ತಲಿನ ಒಲೆಯಲ್ಲಿ ಸೀಸ ಕರಗಿಸುವುದು ನಿಂತಿಲ್ಲ. ಗುಜರಿಯ ದುಡಿಮೆಯಲ್ಲಿ ನಮ್ಮ ಸಮುದಾಯದವರು ಬಹಳ ಮಂದಿ ಇದ್ದಾರೆ. ಅದು ಹಲಾಲಾದ, ಸಮಾಜಕ್ಕೆ ಬೇಕಾದ ದುಡಿಮೆ. ಆದರೆ ಸೀಸದ ಹುಡಿ ಮೆತ್ತಿದ ಬಟ್ಟೆಯಲ್ಲೇ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುವ ತಂದೆಗೆ, ತಾನು ಪ್ರೀತಿಯ ಜೊತೆಗೆ ಇನ್ನೇನನ್ನು ಕೊಡುತ್ತಿದ್ದೇನೆಂದು ತಿಳಿಸಿದವರು ಯಾರು? 2010ರಲ್ಲಿ ನೈಜೀರಿಯಾದ ಝಂಫಾರಾ ರಾಜ್ಯದ ಹಳ್ಳಿಗಳಲ್ಲಿ ಬಡವರು ಚಿನ್ನದ ಆಸೆಗೆ ಅದಿರನ್ನು ಮನೆಯಂಗಳಕ್ಕೆ ತಂದು ಹಿಟ್ಟಿನ ಗಿರಣಿಯಲ್ಲಿ ಪುಡಿ ಮಾಡಿದರು. ಅದರಲ್ಲಿದ್ದ ಸೀಸದಿಂದ 400ಕ್ಕೂ ಹೆಚ್ಚು ಮಕ್ಕಳು ಸತ್ತರು. ಹೊಟ್ಟೆಪಾಡಿಗೆ ಮಾಡಿದ ಕೆಲಸವೇ ಮನೆಯ ದೀಪಗಳನ್ನು ಆರಿಸಿತು.

ಬಣ್ಣ ಇನ್ನೊಂದು ಮೂಲ. ಮನೆಗಳ ಬಣ್ಣದಲ್ಲಿ ಹತ್ತು ಲಕ್ಷದಲ್ಲಿ 90 ಭಾಗಕ್ಕಿಂತ ಹೆಚ್ಚು ಸೀಸವಿರಬಾರದೆಂಬ ನಿಯಮ 2017ರ ನವೆಂಬರಿನಿಂದ ನಮ್ಮಲ್ಲಿ ಜಾರಿಯಲ್ಲಿದೆ. ಆದರೆ ಅದಕ್ಕಿಂತ ಮೊದಲು ಬಳಿದ ಬಣ್ಣ ಕಿಟಕಿ, ಬಾಗಿಲು, ತೊಟ್ಟಿಲುಗಳ ಮೇಲೆ ಹಾಗೆಯೇ ಇದೆ. ಅದನ್ನು ಒಣಗಿದಂತೆಯೇ ಉಜ್ಜಿ ಹುಡಿ ಎಬ್ಬಿಸಬಾರದು. ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಹಾಕುವ ಕಲಾಯಿ ಶುದ್ಧ ತವರದ್ದಾಗಿದ್ದರೆ ತೊಂದರೆಯಿಲ್ಲ. ಅಗ್ಗವೆಂದು ಅದಕ್ಕೆ ಸೀಸ ಬೆರೆಸಿದರೆ ಊಟವೇ ವಿಷವಾಗುತ್ತದೆ.

ಇನ್ನು ಸುರ್ಮಾದ ವಿಷಯವನ್ನು ಹೇಳದೆ ಈ ಲೇಖನ ಮುಗಿಸುವುದು ಪ್ರಾಮಾಣಿಕತೆಯಾಗದು. ಪ್ರವಾದಿ ಮುಹಮ್ಮದ್(ಸ) ಇಸ್ಮಿದ್ ಎಂಬ ಸುರ್ಮಾವನ್ನು ಶಿಫಾರಸು ಮಾಡಿದ್ದಾಗಿ ಹದೀಸ್‌ಗಳಲ್ಲಿದೆ. ಇಸ್ಮಿದ್ ಎಂದರೆ ಆಂಟಿಮನಿ ಎಂಬ ಬೇರೆಯೇ ಲೋಹದ ಅದಿರು ಎಂಬುದು ಸಾಮಾನ್ಯ ಅಭಿಪ್ರಾಯ. ಆದರೆ ಇಂದು ಪೇಟೆಯಲ್ಲಿ ಸಿಗುವ ಸುರ್ಮಾವನ್ನು ಹಲವು ದೇಶಗಳಲ್ಲಿ ಪರೀಕ್ಷಿಸಿದಾಗ, ಬಹಳಷ್ಟು ಮಾದರಿಗಳು ಗೆಲೀನಾ ಅಂದರೆ ಸೀಸದ ಅದಿರಿನ ಪುಡಿಯೆಂದು ಕಂಡುಬಂದಿದೆ. ನೋಡಲು ಎರಡೂ ಒಂದೇ ತೆರನಾದ ಕಪ್ಪು ಹೊಳಪು. ಹಸುಗೂಸಿನ ಕಣ್ಣಿಗೆ ಹಚ್ಚಿದ್ದು ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಸುನ್ನತ್ತಿನ ಹೆಸರಿನಲ್ಲಿ ಮಗುವಿಗೆ ಸೀಸ ಹಚ್ಚಿದರೆ ಅದು ಸುನ್ನತ್ತಾಗುವುದೇ? ಕೆಲವು ಬಗೆಯ ಸಿಂದೂರದಲ್ಲೂ ಇದೇ ಅಪಾಯವಿದೆ. ಇದು ಒಂದು ಧರ್ಮದವರ ಸಮಸ್ಯೆಯಲ್ಲ. ವಿಷಕ್ಕೆ ಧರ್ಮವಿಲ್ಲ.

ನಿರಾಶೆಗೆ ಕಾರಣವಿಲ್ಲ. ನೆರೆಯ ಬಾಂಗ್ಲಾದೇಶದ ಉದಾಹರಣೆ ನೋಡಿ. ಅಲ್ಲಿ ಅರಸಿನದ ಕೊಂಬಿಗೆ ಗಾಢ ಹಳದಿ ಬರಲೆಂದು ಲೆಡ್ ಕ್ರೋಮೇಟ್ ಎಂಬ ಸೀಸದ ಬಣ್ಣ ಹಚ್ಚುತ್ತಿದ್ದರು. ಗರ್ಭಿಣಿಯರ ರಕ್ತದಲ್ಲಿದ್ದ ಸೀಸದ ಮೂಲವನ್ನು ಹುಡುಕಿ ಹೊರಟ ಸಂಶೋಧಕರು ಅರಸಿನದ ಬಳಿ ಬಂದು ನಿಂತರು. 2019ರಲ್ಲಿ ವಿಷಯ ಬಹಿರಂಗವಾಯಿತು. ಸರಕಾರದ ಆಹಾರ ಸುರಕ್ಷತಾ ಪ್ರಾಧಿಕಾರ ಸಗಟು ಮಾರುಕಟ್ಟೆಗೆ ದಾಳಿ ಮಾಡಿ, ತಪ್ಪಿತಸ್ಥ ವ್ಯಾಪಾರಿಗಳಿಗೆ ದಂಡ ವಿಧಿಸಿ, ಪತ್ರಿಕೆ, ಟಿವಿಗಳಲ್ಲಿ ಜನರಿಗೆ ತಿಳಿಹೇಳಿತು. 2019ರಲ್ಲಿ ಮಾರುಕಟ್ಟೆಯ ಅರಸಿನದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಸಿಕ್ಕಿತ್ತು. 2021ರಲ್ಲಿ ಒಂದರಲ್ಲೂ ಸಿಗಲಿಲ್ಲ. ಎರಡೇ ವರ್ಷ! ಅಮೆರಿಕಕ್ಕೆ ಏಳು ದಶಕ ಬೇಕಾದದ್ದು ಒಂದು ಬಡ ದೇಶಕ್ಕೆ ಅರಸಿನದ ವಿಷಯದಲ್ಲಿ ಎರಡು ವರ್ಷದಲ್ಲಿ ಸಾಧ್ಯವಾಯಿತು. ಏಕೆಂದರೆ ಅಲ್ಲಿ ಪುರಾವೆಯ ಹೊರೆಯನ್ನು ಉಂಡವರ ತಲೆಗೆ ಕಟ್ಟಲಿಲ್ಲ.

ಹಿಂದಿನ ಇಸ್ಲಾಮೀ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದ. ಪೇಟೆಯಲ್ಲಿ ತಿರುಗಿ ತೂಕ, ಅಳತೆ, ಕಲಬೆರಕೆಗಳನ್ನು ಪರೀಕ್ಷಿಸುವುದು ಅವನ ಕೆಲಸ. ಯಾರಾದರೂ ಕಾಯಿಲೆ ಬಿದ್ದು ದೂರು ತರಲಿ ಎಂದು ಅವನು ಕಾಯುತ್ತಿರಲಿಲ್ಲ. ಧಾನ್ಯದ ರಾಶಿಯೊಳಗೆ ಕೈ ಹಾಕಿ, ಮೇಲೆ ಒಣಗಿದ್ದು ಒಳಗೆ ಒದ್ದೆಯಾಗಿರುವುದನ್ನು ಕಂಡು ವ್ಯಾಪಾರಿಯನ್ನು ತರಾಟೆಗೆ ತೆಗೆದುಕೊಂಡ ಪ್ರವಾದಿವರ್ಯರ(ಸ) ಮಾದರಿ ಅವನ ಮುಂದಿತ್ತು. ರಾಶಿಯೊಳಗೆ ಕೈ ಹಾಕಿ ನೋಡುವ ಹೊಣೆ ಅಧಿಕಾರವುಳ್ಳವನದು, ಒಳಗಿರುವುದನ್ನು ಮೊದಲೇ ಹೇಳುವ ಹೊಣೆ ಮಾರುವವನದು. ಅನ್ಯರಿಗೆ ಹಾನಿ ಮಾಡಕೂಡದೆಂಬ ಶರೀಅತ್‌ನ ಮೂಲ ತತ್ವ ಗಾಳಿಗೂ, ನೀರಿಗೂ, ಬ್ಯಾಟರಿಗೂ ಅನ್ವಯಿಸುತ್ತದೆ.

ಬೇವೇಯ ಕಾರ್ಮಿಕರು ಸತ್ತಾಗ ಲೋಕಕ್ಕೆ ವಿಷಯ ಗೊತ್ತಿತ್ತು. ಕೇಳುವವರ ಬಲ ಸಾಲಲಿಲ್ಲ. ಇಂದು ನಮಗೂ ಗೊತ್ತಿದೆ. ಗುಜರಿಯಲ್ಲಿ ದುಡಿಯುವವನ ಮಗುವಿನ ರಕ್ತ ಪರೀಕ್ಷೆ ಮಾಡಿಸಿ ಎಂದು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಬೇಕಾದವರು, ಜುಮಾ ದಿನ ಮಸೀದಿಯಲ್ಲಿ ಹತ್ತು ನಿಮಿಷ ಈ ಬಗ್ಗೆ ಮಾತಾಡಬೇಕಾದವರು, ಬ್ಯಾಟರಿ ಒಡೆಯುವ ಜಾಗವನ್ನು ಮನೆಗಳಿಂದ ದೂರ ಒಯ್ಯಿರಿ ಎಂದು ನಮ್ಮವರಿಗೇ ಹೇಳಬೇಕಾದವರು ನಾವೇ. ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಕ್ಷಮೆ ಇರಬಹುದು. ಗೊತ್ತಿದ್ದೂ ಸುಮ್ಮನಿದ್ದದ್ದಕ್ಕೆ ನಾವು ಏನೆಂದು ಉತ್ತರ ಕೊಡುವೆವು?